ಗೋಲ್‌ಕೀಪರನ ಸಲಾಮು

ನಾಲ್ಕು ವರ್ಷ ನಾನೂ ನಂಬಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾಲ್ಕು ತಾಲೂಕುಗಳ ಫುಟ್‌ಬಾಲ್ ಲೀಗಿನ ಕಮಿಟಿಗೆ ಗಂಗಾವತಿಯ ಮೇಲೆ ಮಮತೆ, ನಮ್ಮ ಕೊಪ್ಪಳದ ಮೇಲೆ ಹೊಟ್ಟೆಕಿಚ್ಚು. ಜಗತ್ತಿನಲ್ಲಿ ಮಹಾಯುದ್ಧ ನಡೆಯುತ್ತಿದ್ದರೂ ನಮ್ಮ ಮನೆಯಲ್ಲಿ ಚರ್ಚೆ ಇದೊಂದೇ. ಒಪ್ಪದವರಿಗೆ ಎರಡನೆಯ ಸಲ ಚಹಾ ಸಿಗುತ್ತಿರಲಿಲ್ಲ.

ಕುಷ್ಟಗಿ, ಯಲಬುರ್ಗಾದವರನ್ನು ನಮ್ಮವರು ಹೇಗೋ ದಾಟುತ್ತಿದ್ದರು. ಗಂಗಾವತಿಯವರೆದುರು ಮಾತ್ರ ಮೊದಲರ್ಧ ಸರಿಸಮ, ಎರಡನೆಯ ಅರ್ಧದಲ್ಲಿ ಸೋಲು. ರೆಫರಿಯ ಅತ್ತೆಮನೆ ಗಂಗಾವತಿಯ ಪಕ್ಕದ ಮರಳಿಯಲ್ಲಿದೆ ಎಂಬುದೇ ನಮ್ಮ ದೊಡ್ಡ ಸಾಕ್ಷಿ. ಅತ್ತೆಮನೆಯವರ ಪರವಾಗಿ ಸೀಟಿ ಊದುವ ಗಂಡಸನ್ನು ನಾನು ಇನ್ನೂ ಕಂಡಿಲ್ಲ. ಆದರೂ ನಂಬಿದೆ.

ಹೋದ ವರ್ಷ ಸೋತು ಬಂದ ಮರುದಿನ, ನಮ್ಮ ತಂಡದ ಕ್ಯಾಪ್ಟನ್ ಆದ ನನ್ನ ಮೈದುನ ಬಸಣ್ಣ ಕಾಗದ ಹಿಡಿದು ಬಂದ.

"ವೈನಿ, ನೀವು ಕಾನ್ವೆಂಟಿನ್ಯಾಗ ಓದೀರಿ. ಇಂಗ್ಲಿಷಿನ್ಯಾಗ ಒಂದು ಅರ್ಜಿ ಬರೀರಿ. ಕೊಪ್ಪಳ ಇನ್ನ ಮ್ಯಾಲ ಆಡೂದಿಲ್ಲಂತ."

ಅರ್ಜಿ ಹೋದರೆ ತಂಡವೇ ಉಳಿಯುವುದಿಲ್ಲ. ಬೂಟುಗಳನ್ನು ಅವನು ಆಗಲೇ ಮೊಳೆಗೆ ನೇತುಹಾಕಿದ್ದ. ಹೋಗುತ್ತ ಬರುತ್ತ ಒಮ್ಮೆ ಅವನ್ನು ಮುಟ್ಟಿ ಹೋಗುತ್ತಿದ್ದ.

ಸಂಜೆ ಕಿಟಕಿಯ ಬಳಿ ಬರೆಯಲು ಕೂತೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯಬೇಕು ಎಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ನಮ್ಮೂರ ಮೈದಾನದ ಪಕ್ಕದ ಮಾಳಿಗೆಯ ಮೇಲೆ ಹೆಂಗಸರೆಲ್ಲ ಕೂತು ಆಟ ನೋಡುವುದು ರೂಢಿ. ಅಲ್ಲಿಂದ ನಾನು ಕಂಡದ್ದೇನು? ಎರಡನೆಯ ಅರ್ಧದಲ್ಲಿ ನಮ್ಮ ಗೋಲ್‌ಕೀಪರ್ ಹಣೆಗೆ ಕೈಯಿಟ್ಟು ನಿಲ್ಲುತ್ತಿದ್ದ. ಯಾರೋ ಸಾಹೇಬರು ಬಂದಿರಬೇಕು, ಸಲಾಮು ಮಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅಷ್ಟರಲ್ಲಿ ಇಳಿಬಿಸಿಲು ಕಿಟಕಿಯಿಂದ ಮುಖಕ್ಕೆ ಹೊಡೆಯಿತು. ನನ್ನ ಕೈಯೂ ಹಣೆಗೆ ಹೋಯಿತು. ನಾನಂತೂ ಯಾರಿಗೂ ಸಲಾಮು ಮಾಡುತ್ತಿರಲಿಲ್ಲ.

ಅರ್ಜಿ ಅಲ್ಲಿಗೇ ನಿಂತಿತು. ಪ್ರತಿ ವರ್ಷ ನಮ್ಮವರು ಪೂರ್ವಕ್ಕೆ ಮುಖಮಾಡಿ ಆಟ ಶುರು ಮಾಡುತ್ತಿದ್ದರು. ಅರ್ಧ ಆಟದ ನಂತರ ಬದಿ ಬದಲಾಗಿ, ಮುಳುಗುವ ಸೂರ್ಯನಿಗೆ ಎದುರಾಗುತ್ತಿದ್ದರು. ಹೀಗೆ ಏರ್ಪಾಡು ಮಾಡಿದ್ದು ಯಾವ ಕಮಿಟಿ? ನಮ್ಮ ಅತ್ತೆ. "ಛಲೋ ಕೆಲಸಾನ ಪೂರ್ವಕ್ಕ ಮುಖ ಮಾಡಿ ಶುರು ಮಾಡಪಾ" ಎಂದು ಅವರು ಹೇಳಿದರೆ, ಹೊರಡುವಾಗ ಅಂಗೈಗೆ ಮೊಸರು ಸಕ್ಕರೆ ಹಾಕಿ ಅದನ್ನೇ ನೆನಪಿಸುತ್ತಿದ್ದವಳು ನಾನು. ಟಾಸ್ ಗೆದ್ದರೆ ಬಸಣ್ಣ ಆ ಬದಿಯನ್ನೇ ಕೇಳುತ್ತಿದ್ದ. ಸೋತರೆ ಗಂಗಾವತಿಯ ಕ್ಯಾಪ್ಟನ್ ನಗುತ್ತ, "ನಿಮಗ ಪೂರ್ವನ ಬೇಕಲ್ರಿ? ತಗೋರಿ" ಎನ್ನುತ್ತಿದ್ದನಂತೆ. ಎಲ್ಲರನ್ನೂ ಶಂಕಿಸಿದ ನಾವು ಆ ಸೌಜನ್ಯವೊಂದನ್ನು ಶಂಕಿಸಿರಲಿಲ್ಲ.

ಅತ್ತೆಗೆ ಹೇಳುವುದು ಹೇಗೆ? ಅವರು ಜೋಳ ಹಸನು ಮಾಡುತ್ತಿದ್ದಾಗ ಸುತ್ತಿ ಬಳಸಿ ಹೇಳಿದೆ. ಮೊರದಿಂದ ತಲೆ ಎತ್ತದೆಯೇ ಅಂದರು:

"ಮುಂಜಾನಿ ಕೆಲಸಕ್ಕ ಪೂರ್ವ ಅಂದಿದ್ನಿ. ಇವ್ರು ಸಂಜಿಮುಂದ ಆಡ್ತಾರಂತ ನನಗ್ಯಾರು ಹೇಳ್ಯಾರ? ಸೂರ್ಯ ಎಲ್ಲಿರ್ತಾನೋ ಆ ಕಡಿ ಮುಖ ಮಾಡಿ ನಿಂದ್ರಲಿ."

ಶಾಸ್ತ್ರ ಅಷ್ಟು ಸುಲಭವಾಗಿ ತಿರುಗಿತು. ಬೂಟುಗಳು ಮೊಳೆಯಿಂದ ಇಳಿದವು.

ಈ ವರ್ಷ ಟಾಸ್ ಗೆದ್ದು ಬಸಣ್ಣ ಪಶ್ಚಿಮ ಕೇಳಿದ. ನಾಲ್ಕು ಗಂಟೆಯ ಸೂರ್ಯ ಇನ್ನೂ ಮೇಲಿದ್ದ, ಕಾಡಲಿಲ್ಲ. ಎರಡನೆಯ ಅರ್ಧದಲ್ಲಿ ಸಲಾಮು ಗಂಗಾವತಿಯ ಗೋಲ್‌ಕೀಪರನದು. ಒಂದು ಗೋಲಿನಿಂದ ಗೆದ್ದೆವು.

ಮಾಳಿಗೆಯಿಂದ ಇಳಿಯುವಾಗ ಗಂಗಾವತಿಯವರ ಮಾತು ಕಿವಿಗೆ ಬಿತ್ತು: "ಕಮಿಟಿ ಪೂರಾ ಕೊಪ್ಪಳದವ್ರ ಕೈಯಾಗ ಐತಿ ಬಿಡ್ರಿ."

ನನ್ನ ಅರ್ಧ ಅರ್ಜಿ ಪೆಟ್ಟಿಗೆಯಲ್ಲಿ ಹಾಗೇ ಇದೆ, ಊರಿನ ಹೆಸರು ಬದಲಿಸಿ ಅವರಿಗೇ ಕಳಿಸಿಬಿಡಲೇ ಎನಿಸಿತು. ಬೇಡ. ಅವರಲ್ಲೂ ಯಾರೋ ಒಬ್ಬ ವೈನಿಗೆ ಅರ್ಜಿ ಬರೆಯಲು ಹೇಳಿರುತ್ತಾರೆ. ಅವಳೂ ಸಂಜೆ ಪಶ್ಚಿಮದ ಕಿಟಕಿಯ ಬಳಿಯೇ ಕೂತಿರಲಿ.