ಎಲ್ಲರಿಗೂ ಕಾಣುವ ದಾಳ

ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಆ ಮನುಷ್ಯನನ್ನು ಬೀದಿಯವರೆಲ್ಲ ಕನ್ನಡಕದಣ್ಣ ಎನ್ನುತ್ತಿದ್ದರು. ವಾರವಿಡೀ ತುಟಿಪಿಟಕ್ಕೆನ್ನದವನು ಭಾನುವಾರ ಮಧ್ಯಾಹ್ನ ಮಾತ್ರ ಮಾತಿನ ಮಲ್ಲ. ಅಂದು ಅವನ ಕಥೆಯಾಟ. ಇವನು ಕಥೆ ಹೇಳಬೇಕು, ಉಳಿದವರು ಅದರ ಪಾತ್ರಗಳಾಗಬೇಕು, ಪಾತ್ರ ಗೆದ್ದಿತೋ ಸೋತಿತೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು.

ಮೊದಲು ಇವನ ಊಟದ ಮೇಜಿನ ಸುತ್ತಲೇ ಕೂತು ಆಡುತ್ತಿದ್ದರು: ತಂಗಿ, ಗೆಳೆಯನಾದ ಬಸ್ ಕಂಡಕ್ಟರ್, ಪಕ್ಕದ ಮನೆಯ ಲೆಕ್ಕದ ಮೇಷ್ಟ್ರು. ಇವನು ಒಂದು ರಟ್ಟನ್ನು ಅಡ್ಡ ನಿಲ್ಲಿಸಿಕೊಂಡು, ಅದರ ಹಿಂದೆ ದಾಳ ಉರುಳಿಸಿ, ಬಿದ್ದದ್ದನ್ನು ಬಿಟ್ಟು ಬೇಕಾದದ್ದನ್ನು ಹೇಳುತ್ತಿದ್ದ. ಕಳ್ಳನೇ ಸರಿ! ಆದರೆ ಆ ಕಳ್ಳತನದಿಂದ ಎಷ್ಟೋ ಪಾತ್ರಗಳು ಬದುಕಿಕೊಂಡವು. ತಂಗಿಯ ಸ್ನಾಯುಗಳು ಒಂದೊಂದಾಗಿ ಸೋತು, ಅವಳು ದೂರದ ಗಂಡನ ಮನೆಯಲ್ಲಿ ಹಾಸಿಗೆ ಹಿಡಿದ ಮೇಲೆ ಆಟ ಕಂಪ್ಯೂಟರಿಗೆ ಹೋಯಿತು. ನಕ್ಷೆ, ಪಾತ್ರ, ದಾಳ ಎಲ್ಲವೂ ಪರದೆಯ ಮೇಲೆ.

ಮೊದಲ ದಿನವೇ ಮೇಷ್ಟ್ರು ಕೆಣಕಿದರು. "ತಂಗಿ ಸರದಿ ಬಂದ್ರೆ ದಾಳಕ್ಕೂ ಕರುಣೆ ಬರುತ್ತೆ, ಅಲ್ವೇನಪ್ಪಾ?"

ಇವನಿಗೋ ಮೂಗಿನ ತುದಿಯಲ್ಲೇ ಕೋಪ. "ತಗೊಳ್ಳಿ ಮೇಷ್ಟ್ರೇ, ಇನ್ಮೇಲೆ ಬಿದ್ದಿದ್ದೆಲ್ಲಾ ಎಲ್ಲರಿಗೂ ಕಾಣ್ಲಿ!" ಎಂದು, ತನಗೊಬ್ಬನಿಗೇ ಕಾಣುತ್ತಿದ್ದ ದಾಳವನ್ನು ಎಲ್ಲರ ಪರದೆಗೂ ತರುವ ಗುಂಡಿ ಒತ್ತಿಬಿಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡದ್ದು ಅಂದು ತಿಳಿಯಲಿಲ್ಲ.

ತಂಗಿಯ ಪಾತ್ರ ದೋಣಿ ನಡೆಸುವವಳು. ಮೊದಮೊದಲು ಮಾತಾಡಿ ಆಡಿದಳು. ಆಮೇಲೆ ನಾಲಿಗೆಯೂ ಕೈಕೊಟ್ಟಿತು, ಟೈಪ್ ಮಾಡಿ ಆಡಿದಳು. ಈಗ ಉಳಿದದ್ದು ಒಂದೇ ಬೆರಳು. "ವಾರವೆಲ್ಲ ಮಲಗಿರ್ತೀನಿ. ಭಾನುವಾರ ಓಡ್ತೀನಿ" ಎಂದು ಒಮ್ಮೆ ಬರೆದಿದ್ದಳು. ಗಂಡ, ಡಾಕ್ಟರು, ಅಣ್ಣ, ಎಲ್ಲರೂ ಅವಳಿಗೆ ಹೇಳುತ್ತಿದ್ದದ್ದು ಒಂದೇ ಮಾತು: ಈಗ ಸ್ವಲ್ಪ ಸುಧಾರಿಸಿದೆ.

ಆ ಭಾನುವಾರ ಕಥೆಯ ಹೊಳೆಯಲ್ಲಿ ದೋಣಿ ಮಗುಚಿತು. ನಿಯಮ ಖಡಾಖಂಡಿತ: ಹತ್ತೋ ಅದಕ್ಕಿಂತ ಹೆಚ್ಚೋ ಬಿದ್ದರೆ ದೋಣಿಯವಳಿಗೆ ದಡ, ಕಡಿಮೆ ಬಿದ್ದರೆ ಸಾವು. ತಂಗಿ ಬೆರಳೊತ್ತಿದಳು. ದಾಳ ಉರುಳಿ ಉರುಳಿ ನಿಂತಿತು. ಎರಡು.

ಮರೆಮಾಡಲು ರಟ್ಟಿಲ್ಲ. ಅಣ್ಣ ಅಳಿಸುವ ಗುಂಡಿಗಾಗಿ ಪರದೆಯೆಲ್ಲ ತಡಕಾಡಿದ, ಸಿಗಲಿಲ್ಲ.

"ಪುಟ್ಟೀ, ನೆಟ್ ಹೋಗಿತ್ತು ಕಣೇ, ನಂಗೇನೂ ಕಾಣ್ಲಿಲ್ಲ. ಇನ್ನೊಂದ್ಸಲ ಒತ್ತು."

"ನಂದೂ ನಿಂತೋಗಿತ್ತು" ಎಂದ ಕಂಡಕ್ಟರ್.

ಒಂದಂಕಿ ತಪ್ಪಿದರೂ ಸಹಿಸದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ನಂಗೂ ಕಾಣ್ಲಿಲ್ಲಮ್ಮ."

ತಂಗಿ ಬರೆಯುತ್ತಿದ್ದಾಳೆ ಎಂದು ಪರದೆ ತೋರಿಸಿತು. ಒಂದು ಬೆರಳು, ಒಂದೊಂದೇ ಅಕ್ಷರ. ಬರೆಯುವುದು ಬೇಡ, ಸುಮ್ಮನೆ ದಾಳ ಒತ್ತಲಿ ಎಂದು ಅಣ್ಣ ಒಳಗೊಳಗೇ ಬೇಡಿಕೊಂಡ.

"ನಂಗೆ ಕಾಣ್ತು ಅಣ್ಣ. ಎರಡು. ನೀನಾದ್ರೂ ನಿಜ ಹೇಳು."

ಹೇಳದೆ ಗತಿಯಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ. "ದೋಣಿಯವಳು..." ಎಂದು ಕಥೆ ಶುರುಮಾಡಿದ.