ಆಯಮ್ಮನ ಸೊಂಟ

ಹೆರಿಗೆ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಆಯಮ್ಮ ಎಂದೇ ಕರೆಯುತ್ತಿದ್ದರು. ಬಾಣಂತಿಯರನ್ನು ಎತ್ತಿ ಕೂರಿಸುವುದು, ಹಾಸಿಗೆ ಬದಲಿಸುವುದು, ಕೂಸನ್ನು ಒರೆಸಿ ತಾಯಿಯ ಮಗ್ಗುಲಿಗೆ ಮಲಗಿಸುವುದು ಅವಳ ಕೆಲಸ.

ಒಂದು ಬೆಳಿಗ್ಗೆ, ಮೈಕೈ ತುಂಬಿಕೊಂಡ ಬಾಣಂತಿಯೊಬ್ಬಳನ್ನು ಎತ್ತಲು ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಗೋಡೆ ಹಿಡಿದುಕೊಂಡೇ ಕೆಳಮಹಡಿಯ ಫಿಸಿಯೋಥೆರಪಿ ಕೋಣೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಪರೀಕ್ಷಿಸಿ, ಮಗ್ಗುಲಾಗಿ ಮಲಗಿಸಿ, ಭುಜವನ್ನೊಂದು ಕಡೆಗೆ, ಸೊಂಟವನ್ನೊಂದು ಕಡೆಗೆ ತಿರುಗಿಸಿ ಒತ್ತಿದರು. ಲಟಕ್ಕೆಂದಿತು. ಆಯಮ್ಮ ಎದ್ದು ನೆಟ್ಟಗೆ ನಿಂತಳು.

"ನಿಮ್ಮ ಕೈಯಲ್ಲಿ ಮಂತ್ರ ಇದೆ ಕಣ್ರೀ!"

"ಮಂತ್ರ ಗಿಂತ್ರ ಏನಿಲ್ಲ. ಇದು ನಾಲ್ಕು ದಿನದ ಸುಖ. ದಿನಾ ವ್ಯಾಯಾಮ ಮಾಡಿದ್ರೆ ಬೆನ್ನಿಗೆ ಬಲ ಬರುತ್ತೆ," ಎಂದ ಡಾಕ್ಟರಮ್ಮ, ಅಂಗಾತ ಮಲಗಿ ಸೊಂಟ ಎತ್ತುವುದನ್ನು ತಾವೇ ಮಾಡಿ ತೋರಿಸಿದರು.

ಮನೆಯಲ್ಲಿ ಗಂಡ ನಕ್ಕ. "ಬೆಳಗಿಂದ ಸಂಜೆ ತನಕ ದುಡಿಯೋದು ಸಾಲ್ದು ಅಂತ ಈ ಸರ್ಕಸ್ ಬೇರೆ!" ಅವಳಿಗೂ ಹಾಗೇ ಅನ್ನಿಸಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ನೋವು ಮರುಕಳಿಸಿದಾಗಲೆಲ್ಲ ಲಟಕ್ಕೆನ್ನಿಸಿಕೊಂಡು ಬರುವಳು. "ವ್ಯಾಯಾಮ ಮಾಡ್ತಿದ್ದೀರಾ?" ಎಂದು ಕೇಳಿದರೆ, "ಓಹೋ, ಮಾಡ್ದೆ ಇರ್ತೀನಾ!" ಎಂದು ಕಣ್ಣು ತಪ್ಪಿಸುವಳು.

ಅಷ್ಟರಲ್ಲಿ ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ, ಹುಡುಗಿ ಹೆದರಿದ್ದಳು. "ನಾನಿರ್ತೀನಲ್ಲೇ, ನಿನ್ನ ಕೈ ಬಿಡಲ್ಲ," ಎಂದು ಆಯಮ್ಮ ಮಾತು ಕೊಟ್ಟಳು.

ಹೆರಿಗೆ ನೋವು ಕಾಣಿಸಿಕೊಂಡ ದಿನ ಮಗಳ ಬಟ್ಟೆಚೀಲ ಎತ್ತಲು ಬಗ್ಗಿದ್ದೇ ತಡ, ಸೊಂಟ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅಳಿಯ ಮಗಳನ್ನು ಆಟೋ ಹತ್ತಿಸಿಕೊಂಡು ಹೋದ. ಊರವರ ಮಕ್ಕಳನ್ನೆಲ್ಲ ಎತ್ತಿಕೊಂಡವಳು ತನ್ನ ಮೊಮ್ಮಗಳು ಹುಟ್ಟುವಾಗ ಚಾಪೆಯ ಮೇಲೆ ಮಗ್ಗುಲು ಬದಲಿಸಲಾರದೆ ಬಿದ್ದಿದ್ದಳು.

ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮನೆದುರು ಎಲ್ಲ ಹೇಳಿಕೊಂಡು ಅತ್ತಳು. "ವ್ಯಾಯಾಮ ಮಾಡಿದ್ರೆ ಇದು ತಪ್ತಿತ್ತಾ?"

"ಖಂಡಿತ ತಪ್ತಿತ್ತು ಅಂತ ಯಾರೂ ಹೇಳೋಕಾಗಲ್ಲಮ್ಮ. ತಪ್ಪಬಹುದಿತ್ತು."

ಆ 'ಬಹುದಿತ್ತು' ಅವಳನ್ನು ಕೊರೆಯಿತು.

ಈಗ ದಿನಾ ಚಾಪೆ ಹಾಸುತ್ತಾಳೆ, ಗಂಡ ನಗುವುದಿಲ್ಲ. ನೋವು ಎಷ್ಟೋ ತಗ್ಗಿದೆ. ಮಗಳು ಜಗಳವಾಡಲಿಲ್ಲ, ದೂರಲಿಲ್ಲ. ಒಮ್ಮೆ ಮಾತ್ರ, ಕೂಸಿಗೆ ಹಾಲೂಡಿಸುತ್ತ ಅಂದಳು: "ಅವತ್ತು ಬಾಗಿಲು ಸದ್ದಾದಾಗಲೆಲ್ಲ ನೀನೇ ಬಂದೆ ಅಂದ್ಕೊಳ್ತಿದ್ದೆ ಅಮ್ಮ."