ಗುಳಿಗೆ ನುಂಗದ ಕಾಕಾ

ಮೊನ್ನೆ ಸೋಲಾಪುರದಿಂದ ತವರಿಗೆ ಹೊರಟವಳು ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಕುಳಿತಾಗ, ಯಾರೋ ಒಬ್ಬರು ನನ್ನ ಕಾಲ ಬಳಿ ಖಾಲಿ ಹಾಲಿನ ಕ್ಯಾನು ಇಟ್ಟರು. ಹುಳಿತ ಹಾಲು, ಹಿಂಡಿ, ಎಮ್ಮೆಯ ಮೈ... ಮೂರೂ ಬೆರೆತ ಆ ವಾಸನೆ ಬಡಿದದ್ದೇ ತಡ, ಚಪಳಗಾಂವದ ನಮ್ಮ ಪಕ್ಕದ ಮನೆಯ ಕಾಕಾ ಕಣ್ಣೆದುರು ಬಂದರು.

ರಕ್ತಸಂಬಂಧವೇನಿಲ್ಲ. ಎರಡು ಮನೆಗಳಿಗೂ ಒಂದೇ ಗೋಡೆ, ಹಾಗಾಗಿ ಅವರು ಕಾಕಾ, ಅವರ ಹೆಂಡತಿ ಕಾಕು. ಹೊಲವಿತ್ತು, ಆದರೆ ಕಾಕಾನ ಜೀವವೆಲ್ಲ ಎಮ್ಮೆಗಳಲ್ಲಿ. ಕೆಚ್ಚಲು ಬಾವು ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ದನದ ಡಾಕ್ಟರು ಅಕ್ಕಲಕೋಟದಿಂದ ಬರಬೇಕು. ಬಂದರೆ ಬಂದರು, ಇಲ್ಲವಾದರೆ ಇಲ್ಲ. ಕೊನೆಗೆ ಸೂಜಿ ಚುಚ್ಚುವುದನ್ನು ತಾವೇ ಕಲಿತರು. ಅಂಗಡಿಯವನು ಕೊಟ್ಟ ಔಷಧ, ಅವನು ಹೇಳಿದ ಅಳತೆ. ಬಾವು ತುಸು ಇಳಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದರು. ಒಂದು ಔಷಧ ನಾಟದಿದ್ದರೆ ಅಂಗಡಿಯವನು ಅದಕ್ಕಿಂತ ಜೋರಿನದು ಕೊಡುತ್ತಿದ್ದ. ಬರಬರುತ್ತ ಜೋರಿನದೇ ಬೇಕಾಗತೊಡಗಿತು... ಅದರಲ್ಲಿ ಅಂಜುವಂಥದ್ದು ಆಗ ಯಾರಿಗೂ ಕಾಣಲಿಲ್ಲ. ಊರವರು ತಮ್ಮ ದನಗಳನ್ನೂ ಅವರ ಅಂಗಳಕ್ಕೇ ಹೊಡೆದುಕೊಂಡು ಬರುತ್ತಿದ್ದರು.

ಕಾಕಾ ಮಾತ್ರ ತಮಗೆ ಜ್ವರ ಬಂದರೂ ಗುಳಿಗೆ ನುಂಗಿದವರಲ್ಲ. ಶುಂಠಿ ಕಷಾಯ, ಕಂಬಳಿ, ಅಷ್ಟೇ.

ಒಂದು ಸುಗ್ಗಿಯಲ್ಲಿ ಜೋಳದ ಕೂಳೆ ಅವರ ಅಂಗೈಗೆ ನೆಟ್ಟಿತು. ಅದೇ ಕೈಯಲ್ಲಿ ಕೆಚ್ಚಲು ಬಾತ ಎಮ್ಮೆಯನ್ನು ಹಿಂಡಿದರು. ಕೈ ಊದಿತು. ಊರ ಡಾಕ್ಟರ ಇಂಜೆಕ್ಷನ್ನಿಗೆ ಇಳಿಯಲಿಲ್ಲ, ಅಕ್ಕಲಕೋಟದಲ್ಲಿ ಹಚ್ಚಿದ ಸಲಾಯಿನ್‌ಗೂ ಇಳಿಯಲಿಲ್ಲ. ಕೀವಿನ ಪರೀಕ್ಷೆ ಅಲ್ಲಿ ಆಗುತ್ತಿರಲಿಲ್ಲ. ಸೋಲಾಪುರದ ಆಸ್ಪತ್ರೆಗೆ ತರುವಷ್ಟರಲ್ಲಿ ಬಾವು ಮೊಣಕೈ ದಾಟಿತ್ತು. ಆಗಷ್ಟೇ ಮದುವೆಯಾಗಿ ಸೋಲಾಪುರಕ್ಕೆ ಬಂದಿದ್ದ ನಾನು ದಿನಾ ಊಟದ ಡಬ್ಬಿ ಒಯ್ಯುತ್ತಿದ್ದೆ. ಪರೀಕ್ಷೆಯ ವರದಿ ಬಂದಾಗಲೂ ಅಲ್ಲೇ ಇದ್ದೆ.

“ಇವರು ಮೊದಲ ಯಾವ್ಯಾವ ಗುಳಗಿ ತಗೊಂಡಾರ್ರಿ?” ಎಂದು ಡಾಕ್ಟರು ಕೇಳಿದರು.

“ಒಂದೂ ಇಲ್ರಿ. ಗುಳಗಿ ಅಂದ್ರ ಇವರು ಮಾರು ದೂರ,” ಎಂದರು ಕಾಕು.

ಡಾಕ್ಟರು ವರದಿಯನ್ನು ಮತ್ತೊಮ್ಮೆ ನೋಡಿದರು. “ಮನ್ಯಾಗ ದನ ಅದಾವೇನ್ರಿ? ಅವಕ್ಕ ಸೂಜಿ ಯಾರು ಮಾಡ್ತಾರ?”

ಜ್ವರದಲ್ಲಿದ್ದ ಕಾಕಾ ತಲೆ ಎತ್ತಿದರು. ದನಿಯಲ್ಲಿ ಹೆಮ್ಮೆಯಿತ್ತು. “ನಾನ ಮಾಡ್ತೀನ್ರಿ ಸಾಹೇಬ್ರ. ಡಾಕ್ಟರ ಬರೂತನಕಾ ಕೆಚ್ಚಲ ಕಾಯ್ತದೇನ್ರಿ?”

ಡಾಕ್ಟರು ವರದಿಯನ್ನು ಮಡಿಸಿಟ್ಟರು. “ಖಾತ್ರಿ ಹೇಳಾಕ ಬರೂದಿಲ್ರಿ ಕಾಕಾ. ಆದ್ರ ನಿಮ್ಮ ಗಾಯದಾಗಿನ ರೋಗಾಣು ನಮ್ಮ ಔಷಧಕ್ಕ ಅಂಜೂದು ಬಿಟ್ಟಾವ. ಎಮ್ಮಿ ಮೈಯಾಗ ಅದೇ ಔಷಧ ಉಂಡು ಉಂಡು ಗಟ್ಟಿ ಆಗಿ, ನಿಮ್ಮ ಕೈಯಾಗ ಹೊಕ್ಕಿರಬೇಕು. ಇನ್ನೊಂದ ಔಷಧ ಉಳದದ. ಅದು ಕಿಡ್ನಿಗಿ ಭಾಳ ಪೆಟ್ಟು ಕೊಡ್ತದ.”

ಕಾಕಾ ನನ್ನ ಕಡೆ ತಿರುಗಿ ಮೆಲ್ಲಗೆ, “ಅವ್ವಾ, ಆ ಹಾಲು ಯಾರ್ಯಾರ ಮನಿಗಿ ಹೋಗೇದೋ...” ಎಂದರು. ತಮ್ಮ ಕೈಯ ಬಗ್ಗೆ, ಜೀವದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಆ ಕೊನೆಯ ಔಷಧವನ್ನು ಸೋಲಾಪುರವೆಲ್ಲ ಹುಡುಕಿ ತಂದೆವು. ತಡವಾಗಿತ್ತು. ಮೊದಲು ಮೂತ್ರ ನಿಂತಿತು. ಆಮೇಲೆ ಮಾತು...

ಮೊನ್ನೆ ನಾನು ಹೋದಾಗ ಕಾಕು ಕೊಟ್ಟಿಗೆಯಲ್ಲಿದ್ದರು. ಸೂಜಿ ಮಾಡಿಸಿದ ಎಮ್ಮೆಯ ಹಾಲನ್ನು, ಔಷಧ ಇಳಿಯುವವರೆಗೆ, ಅವರು ಈಗ ಡೇರಿಗೆ ಹಾಕುವುದಿಲ್ಲ. ಅದನ್ನು ಬೇರೆಯಾಗಿ ಹಿಂಡಿ, ತಗ್ಗು ತೋಡಿ ಸುರಿದು ಮಣ್ಣು ಮುಚ್ಚುತ್ತಾರೆ. ಓಣಿಯವರು ನಗುತ್ತಾರಂತೆ. “ನಕ್ರ ನಗಲಿ ಬಿಡು. ಅವರಿದ್ದಾಗ ಇದು ತಿಳದಿದ್ರ...” ಎನ್ನುತ್ತ ಎಮ್ಮೆಗೆ ಹುಲ್ಲು ಹಾಕಿದರು.

ಗೋಡೆಯಾಚೆ, ನಮ್ಮ ಅಂಗಳದಲ್ಲಿ, ನನ್ನ ತಮ್ಮ ಎಮ್ಮೆಗೆ ಸೂಜಿ ಹಿಡಿದು ನಿಂತಿದ್ದ. ಹಿಂದೆ ಅವನಿಗೆ ಕಲಿಸಿದ್ದು ಕಾಕಾನೇ. ಬೇಡವೋ ಎಂದೆ.

“ದನದ ಡಾಕ್ಟರು ಸೋಮವಾರ ಬರ್ತಾರಂತ, ಅಕ್ಕಾ. ಇದರ ಸಂಕಟ ನೋಡು ನೀ,” ಎಂದ.

ಎಮ್ಮೆ ನಿಜಕ್ಕೂ ನರಳುತ್ತಿತ್ತು. ದನದ ವಿಷಯದಲ್ಲಿ ಅವನು ಯಾರದಾದರೂ ಮಾತು ಕೇಳುತ್ತಿದ್ದರೆ ಅದು ಕಾಕಾನದೊಂದೇ. ಕಾಕಾ ಇಲ್ಲ. ಅವನು ಎಮ್ಮೆಯ ಕತ್ತಿನ ಮೇಲೆ ಕೈಯಾಡಿಸಿ, ಸೂಜಿ ಚುಚ್ಚಿದ.